ಡಿಸೈನ್ ಕಂಪನೀಲಿ ಎಂಬ್ರಾಯ್ಡರಿ ನೋಡ್ಕೊಳ್ಳೋರು ಯಾರಾದ್ರೂ ಇದೀರಾ? ಎಲ್ಲಾ ಫೈನಲ್ ಆದ್ಮೇಲೆ ನಮ್ಮನ್ನ ಕರಿಯೋದು ಸರೀನಾ?

ಸೂಜಿದಾರ_ಶಿವಮೊಗ್ಗ:
ನಮಸ್ಕಾರ ಎಲ್ರಿಗೂ. ನಾನು ಶಿವಮೊಗ್ಗದಲ್ಲೇ ಒಂದು ಡಿಸೈನ್ ಕಂಪನೀಲಿ ಇದೀನಿ, ಮೆಷಿನ್ ಎಂಬ್ರಾಯ್ಡರಿ ಪೂರ್ತಿ ನನ್ನ ಜವಾಬ್ದಾರಿ. ಪಂಚಿಂಗ್ (ಡ್ರಾಯಿಂಗನ್ನ ಮೆಷಿನ್ನಿಗೆ ಹೊಲಿಗೆ ಫೈಲ್ ಮಾಡೋದು) ನಾನೇ ಮಾಡ್ತೀನಿ, ಸ್ಯಾಂಪಲ್ ನಾನೇ ಹೊಡೀತೀನಿ. ಹದಿನೈದು ಸೂಜಿದು ಒಂದು ಸಿಂಗಲ್ ಹೆಡ್, ಆರು ಹೆಡ್ಡಿಂದು, ಅಂದ್ರೆ ಒಟ್ಟಿಗೆ ಆರು ಪೀಸ್ ಹೊಡಿಯೋದು, ಒಂದು ದೊಡ್ಡ ಮೆಷಿನ್ ಇದೆ, ಓಡ್ಸೋಕೆ ಇಬ್ರು ಹುಡುಗೀರು, ಅವ್ರಿಗೆ ಕಲ್ಸೋದೂ ನಾನೇ.

ತೊಂದ್ರೆ ಏನಪ್ಪ ಅಂದ್ರೆ, ಡ್ರಾಯಿಂಗ್ ರೆಡಿಯಾಗಿ, ಪಾರ್ಟಿ ಒಪ್ಕೊಂಡು, ಡೆಲಿವರಿ ಡೇಟೂ ಹೇಳಾದ್ಮೇಲೆ ನಮ್ಮ ಟೇಬಲ್ಲಿಗೆ ಬರುತ್ತೆ. ಈ ಸಲ ಹಸೆ ಚಿತ್ತಾರದ (ನಮ್ಮ ಮಲೆನಾಡಿನ ಗೋಡೆ ಚಿತ್ರ) ಕುಶನ್ ಕವರ್. ಬಿಳಿ ಕೈಮಗ್ಗದ ಹತ್ತಿ ಬಟ್ಟೆ, ಅದ್ರ ಮೇಲೆ 20 ಸೆಂಟಿಮೀಟರ್ ಉದ್ದ 20 ಸೆಂಟಿಮೀಟರ್ ಅಗಲಕ್ಕೆ ಕೆಮ್ಮಣ್ಣಿನ ಬಣ್ಣದ ಫಿಲ್ (ಜಾಗ ಪೂರ್ತಿ ದಾರದಲ್ಲಿ ತುಂಬ್ಸೋದು), ಫಿಲ್ ಮೇಲೆ ಬಿಳಿ ಗೆರೆ ಚಿತ್ತಾರ, ಮೂಲೇಲಿ 3 ಎಂಎಂ ಎತ್ತರದ ಕನ್ನಡ ಅಕ್ಷರದಲ್ಲಿ ಹೆಸ್ರು. ನೋಡಿದ ತಕ್ಷಣ ಹೇಳ್ದೆ, ಈ ಬಟ್ಟೆ ಇಷ್ಟು ಫಿಲ್ ತಡ್ಕೊಳ್ಳಲ್ಲ, ನೆರಿಗೆ ಬೀಳುತ್ತೆ, ಗೆರೆ ಜಾಗ ಬಿಟ್ಟು ಹೋಗುತ್ತೆ ಅಂತ. "ನೀವು ಮೊದ್ಲು ಹೊಡೆದು ತೋರ್ಸಿ" ಅಂದ್ರು. ಹೊಡೆದು ತೋರ್ಸಿದ್ರೆ ಹೇಳಿದ ಹಂಗೇ ಆಯ್ತು. ಆಮೇಲೆ ಮೀಟಿಂಗಲ್ಲಿ ಕೇಳಿದ ಪ್ರಶ್ನೆ "ಮೆಷಿನ್ ಸರಿ ಇಲ್ವಾ?"

ನಿಮ್ಮ ಕಡೆ ಹೆಂಗೆ? ಯಾವ ಹಂತದಲ್ಲಿ ನಿಮ್ಮನ್ನ ಕೂರಿಸ್ಕೊಂಡು ಕೇಳ್ತಾರೆ? ಸ್ಯಾಂಪಲ್ ಹೊಡಿಯೋ ಟೈಮನ್ನ ಕೆಲ್ಸ ಅಂತ ಲೆಕ್ಕಕ್ಕೆ ಹಿಡೀತಾರಾ? ನನ್ನ ಅಪಾಯಿಂಟ್‌ಮೆಂಟ್ ಲೆಟರಲ್ಲಿ ಈಗ್ಲೂ "ಆಪರೇಟರ್" ಅಂತಾನೇ ಇದೆ.

ಹೊಸನಗರದ ಮಂಜ:
ಎಲ್ಲಾ ಕಡೆ ಇದೇ ಕಥೆ ಮಾರಾಯ್ತಿ. ಏನ್ ಉತ್ತರ ಬರುತ್ತೆ ನೋಡೋಣ ಅಂತ ಕೂತಿದೀನಿ.

ದುರ್ಗಿಗುಡಿ ಟೈಲರ್:
ಅಕ್ಕ, ಬೈಯೋಕ್ಕೆ ಮುಂಚೆ ಒಂದು ಮಾತು. ದಾರದ ಟೆನ್ಶನ್ ನೋಡಿದ್ರಾ? ಬಟ್ಟೆ ಕೆಳಗೆ ಗಟ್ಟಿಗೆ ಅಂತ ಯಾವ ಪೇಪರ್ ಹಾಕಿದ್ರಿ? ನಮ್ಮಂಗಡೀಲಿ ಬ್ಲೌಸಿಗೆ ನೆರಿಗೆ ಬಿದ್ರೆ ಹತ್ತಕ್ಕೆ ಎಂಟು ಸಲ ಫ್ರೇಮ್ ಸಡಿಲ ಇರುತ್ತೆ ಇಲ್ಲಾ ಹರಿಯೋ ಪೇಪರ್ ಹಾಕಿ ಸಾಗ್ಸಿರ್ತಾರೆ.

ಸೂಜಿದಾರ_ಶಿವಮೊಗ್ಗ:
ನೋಡಿದೀನಿ ಅಣ್ಣ. ಸ್ಯಾಟಿನ್ ಪಟ್ಟಿ (ಅಂಚಿಂದ ಅಂಚಿಗೆ ಒತ್ತೊತ್ತಾಗಿ ಹೊಡಿಯೋ ಹೊಲಿಗೆ) ಒಂದು ಹೊಡೆದು ತಿರುಗಿಸಿ ನೋಡ್ದೆ, ಹಿಂದೆ ನಡುವಿನ ಮೂರನೇ ಒಂದು ಭಾಗ ಬಾಬಿನ್ ದಾರ, ಎರಡೂ ಪಕ್ಕ ಮೇಲಿನ ದಾರ, ಸರಿಯಾಗೇ ಇದೆ. ಪೇಪರ್ ಕಟ್‌ಅವೇ (ಹರಿಯಲ್ಲ, ಕತ್ತರಿಸೇ ತೆಗೀಬೇಕು), ಬಟ್ಟೆಗೆ ಅಂಟಿಸಿಯೇ ಫ್ರೇಮ್ ಮಾಡಿದ್ದು. ಸೂಜಿ 75/11, ಹೊಸದು. ಸ್ಪೀಡ್ ನಿಮಿಷಕ್ಕೆ 700 ಹೊಲಿಗೆ. ಮೆಷಿನ್ ಕಡೆಯಿಂದ ನೋಡೋದು ಇನ್ನೇನೂ ಉಳಿದಿಲ್ಲ.

ಹೆಡ್‌ಆಪರೇಟರ್_ಮಾಚೇನಹಳ್ಳಿ:
ಹಾಗಾದ್ರೆ ಡಿಸೈನಲ್ಲೇ ತೊಂದ್ರೆ, ಬೇರೆ ಮಾತೇ ಇಲ್ಲ. ಲೆಕ್ಕ ಹಾಕಿ ತೋರಿಸ್ತೀನಿ, ಇದನ್ನೇ ಪ್ರಿಂಟ್ ತೆಗೆದು ಮೀಟಿಂಗಲ್ಲಿ ಇಡಿ.

ಫಿಲ್ ಡೆನ್ಸಿಟಿ ಸಾಮಾನ್ಯವಾಗಿ 0.4 ಎಂಎಂ ಇಡ್ತೀವಿ, ಅಂದ್ರೆ ಒಂದು ಸಾಲಿಗೂ ಇನ್ನೊಂದು ಸಾಲಿಗೂ ನಡುವೆ 0.4, ಯಾಕಂದ್ರೆ 40 ನಂಬರ್ ದಾರದ ದಪ್ಪಾನೇ ಹೆಚ್ಚುಕಮ್ಮಿ ಅಷ್ಟು. 200 ಎಂಎಂ ಎತ್ತರಕ್ಕೆ 500 ಸಾಲು. ಒಂದು ಸಾಲು 200 ಎಂಎಂ ಉದ್ದ, ಹೊಲಿಗೆ 4 ಎಂಎಂ ಅಂದ್ರೆ ಸಾಲಿಗೆ 50 ಹೊಲಿಗೆ. ಐನೂರು ಇಂಟು ಐವತ್ತು, 25,000 ಹೊಲಿಗೆ. ಇದು ಬರೀ ಕೆಂಪು ಫಿಲ್, ಅಂಡರ್‌ಲೇ (ಫಿಲ್ಲಿಗೆ ಮುಂಚೆ ಅಡಿಗೆ ಹೊಡಿಯೋ ಹೊಲಿಗೆ) ಸೇರಿಸಿಲ್ಲ, ಬಿಳಿ ಗೆರೆ ಇನ್ನೂ ಶುರುವೇ ಆಗಿಲ್ಲ. 700 ಸ್ಪೀಡಲ್ಲಿ ಓಡಿಸಿದ್ರೆ ದಾರ ಒಂದು ಸಲಾನೂ ತುಂಡಾಗದೆ ಹೋದ್ರೂ 35 ನಿಮಿಷದ ಮೇಲೆ. ಆರು ಹೆಡ್ಡಲ್ಲಿ ಒಂದರ ದಾರ ತುಂಡಾದ್ರೆ ಆರೂ ನಿಲ್ಲುತ್ತೆ, ಆ ಟೈಮ್ ಬೇರೆ.

ಇನ್ನು ನೆರಿಗೆ ಯಾಕೆ? ಪ್ರತಿ ಹೊಲಿಗೆನೂ ತನ್ನ ದಿಕ್ಕಲ್ಲಿ ಬಟ್ಟೆನ ಒಳಗೆ ಎಳೀತದೆ, ಅದಕ್ಕೆ ಅಡ್ಡ ದಿಕ್ಕಲ್ಲಿ ಹೊರಗೆ ದಬ್ತದೆ. ಕೈಮಗ್ಗದ ಬಟ್ಟೆ ನೇಯ್ಗೆ ಸಡಿಲ, ಅಷ್ಟೂ ಹೊಲಿಗೆ ಒಂದೇ ದಿಕ್ಕಿಗೆ ಎಳೆದ್ರೆ ಎಲ್ಲಿಗೆ ಹೋಗ್ಬೇಕು ಅದು? ಚೌಕ ಚೌಕವಾಗಿ ಉಳಿಯಲ್ಲ. ಮೊದ್ಲು ಕೆಂಪು ಮುಗಿಸಿ ಆಮೇಲೆ ಬಿಳಿ ಗೆರೆ ಹೊಡೀತೀರಲ್ಲ, ಅಷ್ಟೊತ್ತಿಗೆ ಬಟ್ಟೆ ಆಗ್ಲೇ ಜರುಗಿರುತ್ತೆ, ಗೆರೆ ಮಾತ್ರ ಕಂಪ್ಯೂಟರ್ ಹೇಳಿದ ಜಾಗದಲ್ಲೇ ಬೀಳುತ್ತೆ. ಪುಲ್ ಕಾಂಪನ್ಸೇಷನ್, ಅಂದ್ರೆ ಎಳೆತಕ್ಕೆ ಅಂತ ಮೊದ್ಲೇ ಸ್ವಲ್ಪ ಅಗಲ ಮಾಡಿಡೋದು, 0.2 ಕೊಡಿ 0.4 ಕೊಡಿ, ಅಂಚಿನ ಸಂದು ಮುಚ್ಚಬಹುದು, ಬಟ್ಟೆ ಮುದುರೋದನ್ನ ಅದು ತಡೆಯಲ್ಲ.

ಭದ್ರಾವತಿ_ಈಗ_ಬೆಂಗ್ಳೂರು:
ಇದು ನಿಜ. ಕ್ವಾಲಿಟಿಯವ್ರು ಟೇಪ್ ಹಿಡ್ಕೊಂಡು ಚೌಕದ ನಾಲ್ಕೂ ಬದಿ ಅಳೀತಾರೆ, ಒಂದು ಬದಿ 2 ಎಂಎಂ ಕಮ್ಮಿ ಬಂದ್ರೂ ಪಂಚರ್, ಅಂದ್ರೆ ಪಂಚಿಂಗ್ ಮಾಡಿದೋರ ತಲೆಗೆ ಕಟ್ತಾರೆ. ಡ್ರಾಯಿಂಗ್ ಮಾಡಿದೋರನ್ನ ಯಾರೂ ಕೇಳಲ್ಲ.

ತೀರ್ಥಹಳ್ಳಿ ಡಿಸೈನರ್:
ನಾನು ಡಿಸೈನರ್ ಕಡೆಯವಳು, ಸ್ವಲ್ಪ ನಮ್ಮ ಮಾತೂ ಕೇಳಿ. ಎಲ್ಲಾನೂ ನಮ್ಮ ಮೇಲೆ ಹಾಕ್ಬೇಡಿ. ನಾನು ಮೊದ್ಲಿದ್ದ ಕಡೆ ಎಂಬ್ರಾಯ್ಡರಿಯವ್ರನ್ನ ಹೋಗಿ ಕೇಳಿದ್ರೆ ಎರಡೇ ಉತ್ತರ, "ಆಗುತ್ತೆ" ಇಲ್ಲಾ "ಆಗಲ್ಲ ಮೇಡಂ". ಯಾಕೆ ಆಗಲ್ಲ, ಎಷ್ಟು ದಪ್ಪ ಮಾಡಿದ್ರೆ ಆಗುತ್ತೆ, ಯಾವ ಬಟ್ಟೆಗೆ ಆಗುತ್ತೆ ಅಂತ ಒಬ್ರೂ ಹೇಳ್ತಿರ್ಲಿಲ್ಲ. ಕಾಲೇಜಲ್ಲಿ ನಮಗೆ ಬಣ್ಣ, ಕಾಂಪೋಸಿಷನ್, ಪ್ರಿಂಟ್ ಎಲ್ಲಾ ಹೇಳ್ಕೊಟ್ರು, ಅಂಡರ್‌ಲೇ ಅಂದ್ರೆ ಏನು ಅಂತ ಯಾರೂ ಹೇಳ್ಲಿಲ್ಲ. ಮಾಚೇನಹಳ್ಳಿ ಅಣ್ಣ ಈಗ ಬರೆದ್ರಲ್ಲ, ಅಂಥದ್ದು ನಾಲ್ಕು ಸಾಲು ಮೊದ್ಲೇ ಸಿಕ್ಕಿದ್ರೆ ನಾನು ಬೇರೆ ಥರಾನೇ ಬಿಡಿಸ್ತಿದ್ದೆ.

ಹೆಡ್‌ಆಪರೇಟರ್_ಮಾಚೇನಹಳ್ಳಿ:
ಮೇಡಂ ನೀವು ಬಂದು ಕೇಳಿದ್ರಿ, ಒಪ್ಪಿದೆ. ಬಹಳ ಜನ ಮೆಷಿನ್ ರೂಮಿಗೆ ಕಾಲೇ ಇಡಲ್ಲ, ಮೇಲ್ ಮಾಡಿ ಸುಮ್ನಾಗ್ತಾರೆ. ಸೂಜಿ ಹೆಂಗೆ ಬಟ್ಟೆ ಎಳೆಯುತ್ತೆ ಅಂತ ಒಂದು ಸಲ ಪಕ್ಕದಲ್ಲಿ ನಿಂತು ನೋಡಿದ್ರೆ ಅರ್ಧ ಜಗಳ ಇರಲ್ಲ.

ತೀರ್ಥಹಳ್ಳಿ ಡಿಸೈನರ್:
ನೋಡೋಕ್ಕೆ ಬಂದ್ರೆ "ಇಲ್ಲಿ ನಿಮಗೇನ್ ಕೆಲ್ಸ" ಅನ್ನೋ ಥರ ಮುಖ ಮಾಡೋ ಆಪರೇಟರ್‌ಗಳೂ ಇದಾರೆ ಅಣ್ಣ. ಎರಡೂ ಕಡೆ ಇದೆ.

ಸೂಜಿದಾರ_ಶಿವಮೊಗ್ಗ:
ಮೇಡಂ ಹೇಳಿದ್ದು ನ್ಯಾಯ. ನಾನು ಡಿಸೈನರ್‌ನ ದೂರೋಕ್ಕೆ ಬಂದಿದ್ದಲ್ಲ, ನಮ್ಮ ಡಿಸೈನರ್ ಹುಡುಗಿ ಒಳ್ಳೆ ಕೈ ಇರೋಳು. ನಮ್ಮಿಬ್ರನ್ನೂ ಒಂದೇ ಟೇಬಲ್ಲಲ್ಲಿ ಕೂರಿಸೋ ಪದ್ಧತಿ ಇಲ್ಲ, ನನ್ನ ದೂರು ಅದು. ನಾನು ಹುಡುಗೀರಿಗೆ ಕಲ್ಸುವಾಗ ಹೇಳೋದನ್ನ ಇಲ್ಲಿ ಬರೀತೀನಿ, ನಿಮಗೂ ಉಪಯೋಗಕ್ಕೆ ಬರ್ಬಹುದು. ಸ್ಯಾಟಿನ್ ಪಟ್ಟಿ 1 ಎಂಎಂಗಿಂತ ತೆಳು ಬೇಡ, ಅದಕ್ಕಿಂತ ತೆಳು ಬೇಕು ಅಂದ್ರೆ ರನ್ನಿಂಗ್ (ಒಂಟಿ ಗೆರೆ ಹೊಲಿಗೆ) ಇಲ್ಲಾ ಟ್ರಿಪಲ್ ರನ್ನಿಂಗ್ (ಅದೇ ಗೆರೆ ಮೇಲೆ ಮೂರು ಸಲ). 7 ಎಂಎಂ ದಾಟಿದ ಸ್ಯಾಟಿನ್ ದಾರ ಸಡಿಲ ಆಗಿ ಬಳೆಗೆ ಸಿಕ್ಕಾಕ್ಕೊಳ್ಳುತ್ತೆ, ಒಡೆದು ಹಾಕ್ಬೇಕು ಇಲ್ಲಾ ಫಿಲ್ ಮಾಡ್ಬೇಕು. ಟವಲ್, ವೆಲ್ವೆಟ್ ಆದ್ರೆ ಮೇಲೆ ನೀರಲ್ಲಿ ಕರಗೋ ಹಾಳೆ ಹಾಕ್ದೆ ಹೊಡೆದ್ರೆ ಹೊಲಿಗೆ ಒಳಗೆ ಮುಳುಗಿ ಹೋಗುತ್ತೆ. ಟಿ ಶರ್ಟಿಗೆ ಬಾಲ್ ಪಾಯಿಂಟ್ ಸೂಜಿ.

ಕನ್ನಡ ಅಕ್ಷರದ ಬಗ್ಗೆ ಮಾತ್ರ ಒತ್ತಿ ಹೇಳ್ತೀನಿ. ಇಂಗ್ಲಿಷ್ ದೊಡ್ಡಕ್ಷರ 5 ಎಂಎಂವರೆಗೂ ಹೊಡಿಬಹುದು, ಸಣ್ಣ ದಾರ 60 ನಂಬರು, 65/9 ಸೂಜಿ ಹಾಕಿದ್ರೆ ಇನ್ನೊಂಚೂರು ಇಳಿಸಬಹುದು. ಕನ್ನಡದಲ್ಲಿ ಹಂಗಾಗಲ್ಲ. ದಕ್ಕೂ ಧಕ್ಕೂ ಇರೋ ವ್ಯತ್ಯಾಸ ಕೆಳಗಿನ ಒಂದು ಸಣ್ಣ ಸೀಳು, ಠ ಅಂದ್ರೆ ಒಳಗೊಂದು ಚುಕ್ಕಿ, ದಾರದ ದಪ್ಪಕ್ಕೇ ಅದೆಲ್ಲ ಮುಚ್ಚಿಹೋಗುತ್ತೆ. ಒತ್ತಕ್ಷರ ಬಂತಂದ್ರೆ ಕೆಳಗೆ ಬರೀ ಗಂಟು ಕಾಣುತ್ತೆ. 10 ಎಂಎಂ ಕೊಡಿ, ಅಚ್ಚುಕಟ್ಟಾಗಿ ಹೊಡೆದು ಕೊಡ್ತೀನಿ. ಜಾಗ ಇಲ್ವಾ, ನೇಯ್ದ ಲೇಬಲ್ ಮಾಡಿಸಿ ಹಿಂದೆ ಹೊಲಿಸಿ.

ಕೊಪ್ಪ ಕಡೆಯವ್ನು:
ಕನ್ನಡ ಅಕ್ಷರದ ವಿಷ್ಯ ನೂರಕ್ಕೆ ನೂರು ಸತ್ಯ. ನಮ್ಮೂರ ಯುವಕ ಸಂಘದ ಟಿ ಶರ್ಟಲ್ಲಿ ಎದೆ ಮೇಲಿನ ಹೆಸ್ರನ್ನ ಯಾರ ಕೈಲೂ ಓದೋಕ್ಕಾಗ್ಲಿಲ್ಲ. ಈಗ ಯಾಕೆ ಅಂತ ಗೊತ್ತಾಯ್ತು.

ನೆಟ್‌ಕೆಫೆ_ನೆಹರೂ ರೋಡ್:
ಇದೆಲ್ಲ ಯಾಕೆ ಬೇಕು? ಈಗ ಆಟೋ ಪಂಚಿಂಗ್ ಬಂದಿದೆ, ಫೋಟೋ ಹಾಕಿದ್ರೆ ಸಾಫ್ಟ್‌ವೇರೇ ಹೊಲಿಗೆ ಮಾಡ್ಕೊಡುತ್ತೆ. ಇನ್ನು ಎಐ ಬಂದ್ರೆ ಪಂಚರ್ ಕೆಲ್ಸಾನೇ ಇರಲ್ಲ.

ಹೆಡ್‌ಆಪರೇಟರ್_ಮಾಚೇನಹಳ್ಳಿ:
ಆಟೋ ಪಂಚಿಂಗ್ ಬಂದು ಬಹಳ ವರ್ಷ ಆಯ್ತು ಸಾರ್, ಹೊಸದೇನಲ್ಲ. ಅದಕ್ಕೆ ಫೋಟೋ ಕಾಣುತ್ತೆ, ಬಟ್ಟೆ ಕಾಣಲ್ಲ. ಕಾಟನ್ನೋ ಜಾರ್ಜೆಟ್ಟೋ, ನೇಯ್ಗೆ ಸಡಿಲಾನೋ ಬಿಗೀನೋ ಅಂತ ಕೈಯಲ್ಲಿ ಮುಟ್ಟಿ ನೋಡಿದೋನು ಹೇಳ್ಬೇಕು. ಯಾವುದು ಮೊದ್ಲು ಯಾವುದು ಆಮೇಲೆ ಅನ್ನೋ ಕ್ರಮ ಹಾಳಾಗಿ ಎಲ್ಲಿ ಬೇಕಲ್ಲಿ ಟ್ರಿಮ್ ಹಾಕಿರುತ್ತೆ. ಒಂದೊಂದು ಟ್ರಿಮ್ಮಿಗೂ ಮೆಷಿನ್ ನಿಂತು, ಕತ್ತರಿಸಿ, ಮತ್ತೆ ಶುರುವಾಗ್ಬೇಕು. ಅಂಥ ಫೈಲ್ ರಿಪೇರಿ ಮಾಡೋ ಬದ್ಲು ಹೊಸದಾಗಿ ಮಾಡೋದು ಬೇಗ ಮುಗಿಯುತ್ತೆ.

ಸಾಗರದ ಕಡೆಯವ:
ನೀವೆಲ್ಲ ದಾರ, ಸೂಜಿ ಅಂತ ಮಾತಾಡ್ತಿದೀರಿ, ನಾನು ಹಸೆ ಬಗ್ಗೆ ಹೇಳ್ಬೇಕು. ನಮ್ಮದು ದೀವರ ಮನೆ, ಅಮ್ಮ, ದೊಡ್ಡಮ್ಮ ಇಬ್ರೂ ಹಸೆ ಬರೀತಾರೆ. ಮದುವೆ ಮನೆಯಲ್ಲಿ ಗೋಡೆಗೆ ಕೆಮ್ಮಣ್ಣು ಬಳಿದು, ಅಕ್ಕಿ ಅರೆದ ಬಿಳಿಯಲ್ಲಿ, ಪುಂಡಿ ನಾರಿನ ಕುಂಚ ಹಿಡಿದು ಎಳೆ ಎಳೆಯಾಗಿ ಬರೆಯೋದು. ಕಪ್ಪಿಗೆ ಸುಟ್ಟ ಅಕ್ಕಿ, ಹಳದಿಗೆ ಗುರಿಗೆ ಕಾಯಿ. ಕೆಂಪು ಅನ್ನೋದು ಅಲ್ಲಿ ಗೋಡೆ ಕಣ್ರೀ, ಅದನ್ನ ಯಾರೂ ಚಿತ್ರದ ಒಳಗೆ ತುಂಬ್ಸಲ್ಲ! ಬರೆಯೋದು ಬಿಳಿ ಎಳೆ ಮಾತ್ರ. ಹಂಗಿದ್ಮೇಲೆ ನಿಮ್ಮೋರು ಬಿಳಿ ಬಟ್ಟೆ ತಗೊಂಡು ಅದ್ರ ಮೇಲೆ 25 ಸಾವಿರ ಹೊಲಿಗೆ ಹಾಕಿ ಗೋಡೆ ಕಟ್ಟೋದ್ಯಾಕೆ? ಕೆಮ್ಮಣ್ಣಿನ ಬಣ್ಣದ ಬಟ್ಟೇನೇ ತಗೊಂಡು ಬಿಳಿ ಎಳೆ ಮಾತ್ರ ಹೊಡೀರಿ.

ಇನ್ನೊಂದು. ಎಳೆ ದಪ್ಪ ಮಾಡಿದ್ರೆ ಹಸೆ ಕೆಡುತ್ತೆ. ಅಮ್ಮ ಒಂದು ಎಳೆ ಪಕ್ಕ ಇನ್ನೊಂದು ಎಳೆ ಎಳೆಯುವಾಗ ನಡುವೆ ಕೆಂಪು ಕಾಣ್ಬೇಕು ಅಂತ ಉಸಿರು ಬಿಗಿ ಹಿಡಿದು ಎಳೀತಾಳೆ. ಆ ಸಂದು ಮುಚ್ಚಿದ್ರೆ ಬರೀ ಬಿಳಿ ಪಟ್ಟಿ ಆಯ್ತು ಅಷ್ಟೇ.

ಸೂಜಿದಾರ_ಶಿವಮೊಗ್ಗ:
ಅಯ್ಯೋ ಅಣ್ಣ, ನಿಮ್ಮ ಮಾತು ನೂರು ಮೀಟಿಂಗಿಗೆ ಸಮ! ಬಟ್ಟೆನೇ ಕೆಂಪು ಇದ್ರೆ ಪೂರ್ತಿ ಫಿಲ್ ಹೋಯ್ತು, ನೆರಿಗೆನೂ ಹೋಯ್ತು, 35 ನಿಮಿಷಾನೂ ಉಳೀತು. ಬಿಳಿ ಎಳೆಗೆ ಸ್ಯಾಟಿನ್ ಬೇಡ, ಟ್ರಿಪಲ್ ರನ್ನಿಂಗ್ ಸಾಕು, ಎಳೆಗೂ ಎಳೆಗೂ 1.5 ಎಂಎಂ ಬಿಟ್ರೆ ನಡುವೆ ಕೆಂಪು ಚೆನ್ನಾಗೇ ಕಾಣುತ್ತೆ. ದಾರ ಕತ್ತರಿಸದೆ ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ಹೋಗೋ ಹಂಗೆ ದಾರಿ ಹಾಕ್ಬೇಕು, ಕೂತು ಯೋಚ್ನೆ ಮಾಡಿದ್ರೆ ಆಗುತ್ತೆ.

ತೀರ್ಥಹಳ್ಳಿ ಡಿಸೈನರ್:
ಎಂಥ ಸರಳ ಉತ್ತರ. ಬಟ್ಟೆ ಬಣ್ಣ ಹಾಕ್ಸೋದಾದ್ರೆ ಹೆಗ್ಗೋಡು ಕಡೆ ವಿಚಾರಿಸಿ, ಭೀಮನಕೋಣೆಯ ಚರಕ ಅನ್ನೋ ಹೆಣ್ಣುಮಕ್ಕಳ ಸಹಕಾರ ಸಂಘದಲ್ಲಿ ಕೈಮಗ್ಗದ ಬಟ್ಟೆಗೆ ನೈಸರ್ಗಿಕ ಬಣ್ಣಾನೇ ಹಾಕೋದು. ಮೊದ್ಲೇ ತೊಳೆದು ಕುಗ್ಗಿಸಿದ ಬಟ್ಟೆ ತಗೊಳ್ಳಿ. ಹತ್ತಿ ಬಟ್ಟೆ ಒಗೆದ್ಮೇಲೆ ಕುಗ್ಗುತ್ತೆ, ಪಾಲಿಯೆಸ್ಟರ್ ದಾರ ಕುಗ್ಗಲ್ಲ, ಮೆಷಿನ್ನಿಂದ ಇಳಿಸುವಾಗ ಚೆನ್ನಾಗಿದ್ದದ್ದು ಗಿರಾಕಿ ಮನೇಲಿ ಒಂದು ಸಲ ಒಗೆದ್ರೆ ಮುದುರ್ಕೊಳ್ಳುತ್ತೆ.

ದುರ್ಗಿಗುಡಿ ಟೈಲರ್:
ಬಣ್ಣ ಬಿಡುತ್ತಾ ಅಂತಾನೂ ನೋಡಿ, ಕೆಂಪು ಬಿಟ್ರೆ ಬಿಳಿ ದಾರ ಗುಲಾಬಿ ಆಗುತ್ತೆ. ಒಂದು ತುಂಡು ಹೊಡೆದು ಬಿಸಿನೀರಿಗೆ ಹಾಕಿ ಒಂದು ರಾತ್ರಿ ಬಿಡಿ.

ಹೊಸನಗರದ ಮಂಜ:
ಹಸೇನ ಮೆಷಿನ್ನಲ್ಲಿ ಹೊಡಿಯೋದೇ ಸರೀನಾ ಅಂತ ಯಾರೂ ಕೇಳ್ತಿಲ್ವಲ್ಲ. ಬರೆಯೋ ಹೆಂಗಸ್ರಿಗೆ ಏನ್ ಸಿಗುತ್ತೆ?

ಸಾಗರದ ಕಡೆಯವ:
ನನಗೂ ಅದೇ ಚಿಂತೆ. ಮೆಷಿನ್ ಬೇಡ ಅಂತ ನಾನು ಹೇಳಲ್ಲ, ಈಗ ಎಷ್ಟು ಮನೇಲಿ ಮಣ್ಣಿನ ಗೋಡೆ ಇದೆ ಹೇಳಿ. ಆದ್ರೆ ಇಂಟರ್‌ನೆಟ್ಟಿಂದ ಫೋಟೋ ಇಳಿಸ್ಕೊಂಡು ಗೆರೆ ಟ್ರೇಸ್ ಮಾಡೋ ಬದ್ಲು ಬರೆಯೋರನ್ನ ಕರೆದು ಬರೆಸಿ, ಅದಕ್ಕೆ ದುಡ್ಡು ಕೊಡಿ, ಹೆಸ್ರು ಹಾಕಿ. ಯಾವ ಎಳೆ ಎಲ್ಲಿ ಸೇರ್ಬೇಕು ಅಂತ ಅವ್ರಿಗೆ ಗೊತ್ತು.

ಧಾರವಾಡದಾಕಿ:
ನಡುವ ಬಾಯಿ ಹಾಕ್ತೀನಿ, ಸಿಟ್ಟ ಆಗಬ್ಯಾಡ್ರಿ. ನಮ್ಮ ಧಾರವಾಡದ ಕೈ ಕಸೂತಿಗೂ ಹಿಂಗ ಆಗೇದ. ಇಳಕಲ್ ಸೀರಿ ಮ್ಯಾಲ ಮಷಿನ್ನಿಂದ ಹೊಡದು ಕಸೂತಿ ಅಂತ ಮಾರ್ತಾರ. ಗವಂತಿ ಹೊಲಿಗಿ ಅಂದ್ರ ಹಿಂದ ಮುಂದ ಎರಡೂ ಕಡೆ ಒಂದ ಥರ ಕಾಣಬೇಕು, ಗಂಟು ಇರಬಾರದು. ಮಷಿನ್ನಿಗೆ ಕೆಳಗ ಬಾಬಿನ್ ಇರತೈತಿ, ಮ್ಯಾಲಿನ ದಾರಾ ಬ್ಯಾರೆ ಕೆಳಗಿಂದ ಬ್ಯಾರೆ, ಅದು ಹ್ಯಾಂಗ ಗವಂತಿ ಆಗ್ತದ? ಗವಂತಿ, ಮುರ್ಗಿ, ನೇಯ್ಗಿ, ಮೆಂತಿ ಈ ನಾಲ್ಕೂ ಕೈಯಾಗ, ಬಟ್ಟಿ ಎಳಿ ಎಣಿಸಿ ಹಾಕೂದು. ಜಿಐ ಟ್ಯಾಗ್ ಬಂದೇದ, ಆದ್ರ ಪ್ಯಾಟ್ಯಾಗ ಕೇಳೋರ ಇಲ್ಲ. ಮಷಿನ್ನಿಂದ ಮಾಡ್ರಿ, ಬ್ಯಾಡ ಅನ್ನೂದಿಲ್ಲ, ಚೀಟ್ಯಾಗ "ಮಷಿನ್ ಎಂಬ್ರಾಯ್ಡರಿ" ಅಂತ ಖರೇ ಬರೀರಿ.

ಸೂಜಿದಾರ_ಶಿವಮೊಗ್ಗ:
ನಿಮ್ಮ ಮಾತು ಪೂರ್ತಿ ಒಪ್ಪಿದೆ ಅಕ್ಕಾ. ನಾನು ಮೆಷಿನ್ನಲ್ಲೇ ಬದುಕ್ತಿರೋಳು, ಆದ್ರೆ ಕೈಯಲ್ಲಿ ಹಾಕಿದ್ದು ಅಂತ ಸುಳ್ಳು ಹೇಳಿ ಮಾರೋದು ನನಗೂ ಆಗಲ್ಲ. ಮೆಷಿನ್ ಕೆಲ್ಸಕ್ಕೆ ಅದರದ್ದೇ ಚೆಂದ ಇದೆ, ಅದನ್ನ ಅದೇ ಹೆಸ್ರಲ್ಲಿ ಮಾರ್ಬಹುದು.

ಕೊಪ್ಪ ಕಡೆಯವ್ನು:
ವಿಷ್ಯ ಬೇರೆ, ಕೇಳ್ಲಾ? ನಮ್ಮ ಹೆಂಡ್ತಿ ಮನೇಲೇ ಸಣ್ಣ ಮೆಷಿನ್ ಇಟ್ಕೊಂಡಿದಾಳೆ. ಮಳೆಗಾಲ ಬಂತಂದ್ರೆ ದಾರ ತುಂಡಾಗೋದೇ ತುಂಡಾಗೋದು. ಬೇಸಿಗೇಲಿ ಇಲ್ಲ. ಇದಕ್ಕೆ ಏನ್ ಮಾಡ್ಬೇಕು?

ಹೆಡ್‌ಆಪರೇಟರ್_ಮಾಚೇನಹಳ್ಳಿ:
ರೇಯಾನ್ ದಾರಾನಾ ಅಣ್ಣ? ರೇಯಾನ್ ತೇವ ಕುಡಿದ್ರೆ ಬಲ ಕಮ್ಮಿ ಆಗುತ್ತೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಪಾಲಿಯೆಸ್ಟರಿಗೆ ಬದಲಾಯಿಸ್ಲಿ. ದಾರದ ಕೋನುಗಳನ್ನ ಮುಚ್ಚಳ ಇರೋ ಡಬ್ಬದಲ್ಲಿ ಇಟ್ಟು ಒಳಗೆ ಒಂದು ಸಿಲಿಕಾ ಜೆಲ್ ಚೀಲ. ಬಾಬಿನ್ ಸುತ್ತ ತಿರುಗೋ ಹುಕ್ಕಿಗೆ ದಿನಾ ಬೆಳಿಗ್ಗೆ ಒಂದೇ ಒಂದು ತೊಟ್ಟು ಎಣ್ಣೆ, ಆಮೇಲೆ ಹಳೇ ಬಟ್ಟೆ ಮೇಲೆ ಸ್ವಲ್ಪ ಹೊಡೆದು ಎಣ್ಣೆ ಹೋಯ್ತಾ ನೋಡಿ ಗಿರಾಕಿ ಬಟ್ಟೆ ಹಾಕ್ಬೇಕು. ಸೂಜಿಗೆ ತುಕ್ಕಿನ ಚುಕ್ಕೆ ಕಂಡ್ರೂ ಬಿಸಾಕಿ.

ದುರ್ಗಿಗುಡಿ ಟೈಲರ್:
ನೀರಲ್ಲಿ ಕರಗೋ ಹಾಳೆನೂ ಹಂಗೇ, ತೇವಕ್ಕೆ ಒಂದಕ್ಕೊಂದು ಅಂಟ್ಕೊಂಡು ಹಾಳಾಗುತ್ತೆ, ಜಿಪ್ ಕವರಲ್ಲಿ ಇಡಿ. ಮತ್ತೆ ಕರೆಂಟ್! ಹೋದಲ್ಲಿಂದ ಮತ್ತೆ ಶುರು ಆಗೋ ಸೌಲಭ್ಯ ಎಲ್ಲಾ ಮೆಷಿನ್ನಲ್ಲೂ ಇದೆ ಅಂತಾರೆ, ಆದ್ರೆ ಹೊಲಿಗೆ ಕೂದಲೆಳೆಯಷ್ಟು ಜರುಗಿದ್ರೂ ಸ್ಯಾಟಿನ್ನಲ್ಲಿ ಗೆರೆ ಕಾಣುತ್ತೆ. ಸಿಂಗಲ್ ಹೆಡ್ಡಾದ್ರೆ ಯುಪಿಎಸ್ ಇಲ್ದೆ ಮಳೆಗಾಲದಲ್ಲಿ ರೇಷ್ಮೆ ಸೀರೆ ಹಾಕೋಕೆ ಹೋಗ್ಬೇಡಿ.

ಕೊಪ್ಪ ಕಡೆಯವ್ನು:
ರೇಯಾನೇ ಅಂತೆ. ಇವತ್ತೇ ಹೇಳ್ತೀನಿ, ಬಹಳ ಉಪಕಾರ ಆಯ್ತು.

ಭದ್ರಾವತಿ_ಈಗ_ಬೆಂಗ್ಳೂರು:
ಮೂಲ ಪ್ರಶ್ನೆಗೆ ಬರೋಣ. ಸಂಬಳ ಮತ್ತೆ ಹುದ್ದೆ. ಅಕ್ಕ ಬರೆದದ್ದು ಓದಿದ್ರೆ ಪಂಚಿಂಗ್, ಸ್ಯಾಂಪಲ್, ಟ್ರೈನಿಂಗ್, ಮೆಷಿನ್ ನೋಡ್ಕೊಳ್ಳೋದು, ನಾಲ್ಕು ಜನರ ಕೆಲ್ಸ. ಲೆಟರಲ್ಲಿ ಆಪರೇಟರ್. ಇದು ಬರೀ ಗೌರವದ ವಿಷ್ಯ ಅಲ್ಲ, ಮುಂದೆ ಬೇರೆ ಕಡೆ ಹೋದ್ರೆ ಆ ಲೆಟರ್ ನೋಡೇ ಸಂಬಳ ಮಾತಾಡ್ತಾರೆ. ಬಾಯಲ್ಲಿ ಕೇಳ್ಬೇಡಿ, ಬರೆದು ಕೊಡಿ. ಒಂದು ಪುಸ್ತಕ ಇಟ್ಕೊಳ್ಳಿ, ಯಾವ ಡಿಸೈನ್, ಎಷ್ಟು ಹೊಲಿಗೆ, ಪಂಚಿಂಗಿಗೆ ಎಷ್ಟು ಹೊತ್ತು, ಎಷ್ಟು ಸ್ಯಾಂಪಲ್, ಏನ್ ಬದಲಾವಣೆ ಯಾರು ಹೇಳಿದ್ರು. ಎರಡು ತಿಂಗಳ ಪುಸ್ತಕ ಮುಂದಿಟ್ರೆ ಮಾಲೀಕರೇ ಲೆಕ್ಕ ನೋಡ್ತಾರೆ. ಹೊರಗಡೆ ಜಾಬ್ ವರ್ಕ್ ಕೊಟ್ರೆ ಸಾವಿರ ಹೊಲಿಗೆಗೆ ಇಷ್ಟು ಅಂತ ಕೊಡ್ಲೇಬೇಕು, ಪಂಚಿಂಗಿಗೆ ಬೇರೆ ಕೊಡ್ಬೇಕು, ಒಳಗೆ ಕೂತೋರ ಸ್ಯಾಂಪಲ್ ಮಾತ್ರ ಪುಕ್ಕಟೆ ಹೆಂಗಾಗುತ್ತೆ?

ಹೊಸನಗರದ ಮಂಜ:
ಪುಸ್ತಕ ಅನ್ನೋದು ಒಳ್ಳೆ ಐಡಿಯಾ.

ನೆಟ್‌ಕೆಫೆ_ನೆಹರೂ ರೋಡ್:
ಇಷ್ಟೆಲ್ಲ ಗೊತ್ತಿರೋರು ಸ್ವಂತ ಮೆಷಿನ್ ಹಾಕ್ಬಹುದಲ್ವಾ? ಸಾಲಕ್ಕೆ ಸಬ್ಸಿಡಿ ಇದೆ.

ಭದ್ರಾವತಿ_ಈಗ_ಬೆಂಗ್ಳೂರು:
ಇದೆ, ಪಿಎಂಇಜಿಪಿ ಅಂತ ಕೇಂದ್ರ ಸರ್ಕಾರದ ಸ್ವಂತ ಉದ್ಯೋಗದ ಯೋಜನೆ. ಹೆಣ್ಣುಮಕ್ಕಳಿಗೆ ಪಟ್ಟಣದಲ್ಲಾದ್ರೆ 25 ಪರ್ಸೆಂಟ್, ಹಳ್ಳೀಲಾದ್ರೆ 35 ಪರ್ಸೆಂಟ್ ಸಬ್ಸಿಡಿ, ಕೈಯಿಂದ ಹಾಕೋದು 5 ಪರ್ಸೆಂಟ್. ಜಿಲ್ಲಾ ಕೈಗಾರಿಕಾ ಕೇಂದ್ರದಲ್ಲಿ ಕೇಳ್ಬೇಕು. ಉಳಿದದ್ದು ಸಾಲಾನೇ ಅಲ್ವಾ, ತಿಂಗ್ಳು ತಿಂಗ್ಳು ಕಟ್ಬೇಕು.

ದುರ್ಗಿಗುಡಿ ಟೈಲರ್:
ಕಟ್ಟೋಕ್ಕೆ ವರ್ಷಪೂರ್ತಿ ಕೆಲ್ಸ ಬೇಕು. ನಮ್ಮ ಕಡೆ ಮದುವೆ ಸೀಸನ್ನು, ಅಡಿಕೆ ದುಡ್ಡು ಕೈಗೆ ಬರೋ ಟೈಮು, ಆವಾಗ ಮಾತ್ರ ಬ್ಲೌಸಿನವ್ರು ಸಾಲು ನಿಲ್ತಾರೆ. ಆಷಾಢದಲ್ಲಿ ಮೆಷಿನ್ ಮೇಲೆ ಬಟ್ಟೆ ಹೊದಿಸಿಡ್ಬೇಕು. ಆ ತಿಂಗಳುಗಳಿಗೆ ಶಾಲೆ ಬ್ಯಾಡ್ಜು, ಕಂಪನಿ ಟಿ ಶರ್ಟು ಅಂತ ಬೇರೆ ಆರ್ಡರ್ ಹಿಡಿದಿಟ್ಕೊಂಡೇ ಇಳೀಬೇಕು. ನಾನು ಹಂಗೇ ನಡೆಸ್ತಿದೀನಿ, ಆದ್ರೆ ಸಂಬಳದ ನೆಮ್ಮದಿ ಇದ್ರಲ್ಲಿಲ್ಲ, ಅದನ್ನ ತಿಳ್ಕೊಂಡು ಬನ್ನಿ ಅಕ್ಕ.

ಸೂಜಿದಾರ_ಶಿವಮೊಗ್ಗ:
ಸ್ವಂತ ಮೆಷಿನ್ ಆಸೆ ನನಗಿಲ್ಲ ಅಣ್ಣ. ನಾನು ಡಿಸೈನ್ ಕಂಪನೀಲೇ ಇರ್ಬೇಕು ಅಂತ ಬಯಸೋಳು, ದಿನಾ ಹೊಸ ಬಟ್ಟೆ, ಹೊಸ ಚಿತ್ರ, ಇದನ್ನ ದಾರದಲ್ಲಿ ಹೆಂಗೆ ಹೇಳೋದು ಅಂತ ತಲೆ ಕೆಡಿಸ್ಕೊಳ್ಳೋದು ನನಗೆ ಇಷ್ಟ. ಆ ಕೆಲ್ಸಾನೂ ಡಿಸೈನೇ ಅಂತ ಒಪ್ಪಿ ಅಂತ ಮಾತ್ರ ನಾನು ಕೇಳ್ತಿರೋದು.

ಶಿಕಾರಿಪುರ ಪಂಚರ್:
ತಡವಾಗಿ ಬಂದೆ. ಫೈಲ್ ಯಾರದ್ದು ಅಂತ ಯಾರೂ ಮಾತಾಡಿಲ್ಲ. ನಾನು ಮನೆಯಿಂದ ಪಂಚಿಂಗ್ ಮಾಡ್ಕೊಡ್ತೀನಿ, ಪಾರ್ಟಿಗೆ ಮೆಷಿನ್ ಓದೋ ಡಿಎಸ್‌ಟಿ ಫೈಲ್ ಮಾತ್ರ ಕಳ್ಸೋದು, ತಿದ್ದೋಕ್ಕೆ ಆಗೋ ಮೂಲ ಫೈಲ್ ಇಎಂಬಿ ನನ್ನ ಹತ್ರಾನೇ. ಡಿಎಸ್‌ಟಿಲಿ ಬರೀ ಹೊಲಿಗೆ ಇರುತ್ತೆ, ಬಣ್ಣ ಕೂಡ ಇರಲ್ಲ, ಎಲ್ಲಿ ನಿಲ್ಬೇಕು ಅಂತ ಅಷ್ಟೇ. ಸೈಜ್ ಬದಲಾಯಿಸ್ಬೇಕಂದ್ರೆ ನನ್ನ ಹತ್ರಾನೇ ಬರ್ಬೇಕು. ಅಕ್ಕ ನೀವೂ ಇಎಂಬಿ ಕೊಡ್ಬೇಡಿ, ಆವಾಗ ನಿಮ್ಮ ಬೆಲೆ ಗೊತ್ತಾಗುತ್ತೆ.

ಭದ್ರಾವತಿ_ಈಗ_ಬೆಂಗ್ಳೂರು:
ಇದು ತಪ್ಪು ಸಲಹೆ, ದಯವಿಟ್ಟು ಕೇಳ್ಬೇಡಿ. ನೀವು ಸ್ವಂತಕ್ಕೆ ಮಾಡೋರು, ನಿಮ್ಮದು ಬೇರೆ. ಸಂಬಳಕ್ಕೆ ಇದ್ದಾಗ ಕೆಲ್ಸದ ಭಾಗವಾಗಿ ಮಾಡಿದ್ದಕ್ಕೆ ಬೇರೆ ಕರಾರು ಇಲ್ಲ ಅಂದ್ರೆ ಕಂಪನೀನೇ ಮೊದಲ ಹಕ್ಕುದಾರ, 1957ರ ಕಾಪಿರೈಟ್ ಕಾಯ್ದೆ 17ನೇ ಸೆಕ್ಷನ್. ಫೈಲ್ ಬಚ್ಚಿಟ್ರೆ ಅಕ್ಕನ ಮೇಲೇ ತಿರುಗುತ್ತೆ.

ಶಿಕಾರಿಪುರ ಪಂಚರ್:
ಕಾಯ್ದೆ ಹಂಗಿದ್ರೆ ಬಿಡಿ. ಆದ್ರೆ ಕ್ಯಾಟಲಾಗಲ್ಲಿ ಡಿಸೈನರ್ ಹೆಸ್ರು ಬರುತ್ತೆ, ಫೋಟೋ ತೆಗೆದವ್ರ ಹೆಸ್ರು ಬರುತ್ತೆ, ಪಂಚರ್ ಹೆಸ್ರು ಬರಲ್ಲ. ಅದನ್ನ ಕೇಳೋಕ್ಕೆ ಯಾವ ಕಾಯ್ದೆನೂ ಬೇಡ.

ತೀರ್ಥಹಳ್ಳಿ ಡಿಸೈನರ್:
ಈ ಮಾತಿಗೆ ನನ್ನ ಬೆಂಬಲ ಇದೆ. ನಮ್ಮ ಮುಂದಿನ ಕ್ಯಾಟಲಾಗಲ್ಲಿ ಹಾಕಿಸ್ತೀನಿ, ಮೇಲಿನವ್ರ ಹತ್ರ ಮಾತಾಡೋದು ನನ್ನ ಜವಾಬ್ದಾರಿ.

ಸೂಜಿದಾರ_ಶಿವಮೊಗ್ಗ:
ಎಲ್ರಿಗೂ ಹೇಳ್ಬೇಕು ಅಂತ ಬಂದೆ. ಕೆಮ್ಮಣ್ಣಿನ ಬಣ್ಣದ ಬಟ್ಟೆ ತುಂಡು ತರ್ಸಿ, ನಾನೂ ಡಿಸೈನರ್ ಹುಡುಗೀನೂ ಒಟ್ಟಿಗೆ ಕೂತು ಬರೀ ಬಿಳಿ ಎಳೆ ಪಂಚ್ ಮಾಡಿದ್ವಿ. ಟ್ರಿಪಲ್ ರನ್ನಿಂಗ್, ಹೊಲಿಗೆ ಉದ್ದ 2.5 ಎಂಎಂ, ಎಳೆ ನಡುವೆ 1.5. ಮೂಲೆ ತಿರುಗೋ ಕಡೆ ಹೊಲಿಗೆ ಸರಿಯಾಗಿ ಮೂಲೆಗೇ ಬೀಳೋ ಹಂಗೆ ಒಂದೊಂದು ಬಿಂದುನೂ ಕೈಯಲ್ಲಿ ಇಟ್ವಿ, ಇಲ್ಲಾಂದ್ರೆ ಮೂಲೆ ದುಂಡಗಾಗಿ ಹಸೆ ಥರ ಕಾಣಲ್ಲ. ಹಳೇ ಸ್ಯಾಂಪಲ್ಲು, ಹೊಸ ಸ್ಯಾಂಪಲ್ಲು ಎರಡನ್ನೂ ಮೇಜಿನ ಮೇಲಿಟ್ಟು, ಮಾಚೇನಹಳ್ಳಿ ಅಣ್ಣನ ಲೆಕ್ಕಾನೂ ಪಕ್ಕದಲ್ಲಿಟ್ವಿ. ಹಳೇದು ಗಟ್ಟಿ ಹಲಗೆ ಥರ ಸೆಟೆದು ನಿಲ್ತಿತ್ತು, ಹೊಸದು ಕೈಗೆ ಬಟ್ಟೆ ಬಟ್ಟೆಯಾಗೇ ಸಿಗ್ತಿತ್ತು. ಯಾರೂ ಮೆಷಿನ್ ಬಗ್ಗೆ ಕೇಳ್ಲಿಲ್ಲ. ಪಾರ್ಟಿಗೆ ಫೋಟೋ ಹೋಗಿ ಒಪ್ಪಿಗೆನೂ ಬಂತು, ಹೆಸ್ರು ನೇಯ್ದ ಲೇಬಲ್ಲಲ್ಲಿ.

ಇನ್ಮೇಲೆ ಸ್ಕೆಚ್ ಹಂತದಲ್ಲೇ ನನ್ನನ್ನ ಕರೀತೀವಿ ಅಂದಿದಾರೆ, ಪಾರ್ಟಿಗೆ ಕಳ್ಸೋ ಮುಂಚೆ ನಾನು ನೋಡಿ ಸೈ ಅನ್ಬೇಕು. ಲೆಟರ್ ವಿಷ್ಯ ಮಾತ್ರ "ನೋಡೋಣ" ಅಂದ್ರು. ನಾನು ಬಿಡಲ್ಲ, ಪುಸ್ತಕ ಬರೆಯೋಕ್ಕೆ ಶುರು ಮಾಡಿದೀನಿ. ಸಾಗರದ ಅಣ್ಣ, ಮುಂದಿನ ಸೀರೀಸಿಗೆ ಹಸೆ ಬರೆಯೋರಿಂದ್ಲೇ ಬರೆಸೋಣ ಅಂತ ನಾನೂ ಡಿಸೈನರೂ ಸೇರಿ ಹೇಳಿದೀವಿ, ಎಷ್ಟು ಕೊಡ್ಬೇಕು ಅಂತ ನೀವೇ ಅಮ್ಮನ್ನ ಕೇಳಿ ತಿಳಿಸಿ, ಚೌಕಾಸಿ ಮಾಡೋಕ್ಕೆ ನಾವು ಬಿಡಲ್ಲ.

ಸಾಗರದ ಕಡೆಯವ:
ಕೇಳ್ತೀನಿ ಅಕ್ಕ. ದೊಡ್ಡಮ್ಮ ಈಗ್ಲೇ ಕೇಳ್ತಿದಾಳೆ, ಬಟ್ಟೆ ಮೇಲೆ ಬರೀಬೇಕಾ ಕಾಗದದ ಮೇಲಾ ಅಂತ.

ಸೂಜಿದಾರ_ಶಿವಮೊಗ್ಗ:
ಗೋಡೆಗೆ ಬರೆಯೋ ಅಳತೇಲೇ ಬರೀಲಿ ಅಣ್ಣ, ಕೆಂಪು ಬಳಿದ ಹಲಗೆ ಮೇಲಾದ್ರೂ ಸರಿ. ಸಣ್ಣದು ಮಾಡಿ ಬರೀರಿ ಅಂದ್ರೆ ಕೈ ಓಡಲ್ಲ. ಕುಗ್ಗಿಸೋದು, ಎಳೆ ಬಿಡಿಸೋದು ನಾನು ನೋಡ್ಕೊಳ್ತೀನಿ.

ಹೊಸನಗರದ ಮಂಜ:
ಕುಶನ್ ಕವರ್ ಎಲ್ಲಿ ಸಿಗುತ್ತೆ? ತಂಗಿ ಮದುವೆಗೆ ಬೇಕಿತ್ತು.

ಸೂಜಿದಾರ_ಶಿವಮೊಗ್ಗ:
ಈ ಲಾಟ್ ಪೂರ್ತಿ ಪಾರ್ಟಿದು ಮಂಜಣ್ಣ. ಮದುವೆ ಯಾವಾಗ ಹೇಳಿ, ಮುಂದಿನ ಲಾಟಲ್ಲಿ ಕೇಳಿ ನೋಡ್ತೀನಿ.